ಸಾಹೇಬರ ಸ್ವೆಟರ್ ಆಯ್ತು

ಆಯ್ತಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಯಾರು ಏನು ಹೇಳಿದರೂ ‘ಆಯ್ತು’ ಅನ್ನುವುದು ಅವನ ಅಭ್ಯಾಸ. ಅದಕ್ಕೇ ಎಲ್ಲರ ಬಾಯಲ್ಲೂ ಆಯ್ತಪ್ಪ. ಪಕ್ಕದ ಮೇಜಿನವನು ತನ್ನ ಫೈಲುಗಳನ್ನು ತಂದು ಇವನ ಮುಂದೆ ಸುರಿದರೆ ಆಯ್ತು. ಬಸ್ಸಿನಲ್ಲಿ ಇವನ ಕಾಲು ತುಳಿದವನೇ "ನೋಡ್ಕೊಂಡು ನಿಂತ್ಕೊಳ್ರೀ" ಎಂದು ಗದರಿದರೂ ಆಯ್ತು. ಒಪ್ಪಿಗೆಯಿದ್ದು ಹೇಳುತ್ತಿದ್ದ ಎಂದೇನಲ್ಲ. ‘ಆಗಲ್ಲ’ ಎನ್ನಬೇಕೆಂದು ಬಾಯಿ ತೆರೆದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಗಂಟಲು ಒಣಗುತ್ತಿತ್ತು, ಕೊನೆಗೆ ಹೊರಬೀಳುತ್ತಿದ್ದುದು ಅದೊಂದೇ ಮಾತು.

ಅವನ ಕೈಗೆ ಹೆಣಿಗೆ ಕಡ್ಡಿ ಬಂದದ್ದೂ ಈ ಹೆದರಿಕೆಯಿಂದಲೇ. ಕೈ ನಡುಗುತ್ತದೆಂದು ಡಾಕ್ಟರ ಹತ್ತಿರ ಹೋದರೆ, "ಬೆರಳಿಗೆ ಏನಾದ್ರೂ ಕೆಲಸ ಕೊಡಿ, ಮನಸ್ಸು ಶಾಂತವಾಗುತ್ತೆ" ಅಂದರು. ಚಿಕ್ಕಂದಿನಲ್ಲಿ ಅಕ್ಕ ಗೆಣ್ಣಿನ ಮೇಲೆ ಬಾರಿಸಿ ಬಾರಿಸಿ ಕಲಿಸಿದ ಹೆಣಿಗೆ ನೆನಪಾಯಿತು. ಶುರು ಮಾಡಿದ. ಮನಸ್ಸು ಶಾಂತವಾಯಿತು, ಸುಮಾರು ಎಂಟು ದಿನ. ಒಂಬತ್ತನೆಯ ದಿನ ಸುದ್ದಿ ಹಬ್ಬಿತು.

ಆಫೀಸಿನ ಸಾಹೇಬರು ಸ್ವೆಟರ್ ಕೇಳಿದರು, ಆಯ್ತು. ಮನೆ ಓನರಮ್ಮ ಹುಟ್ಟಲಿರುವ ಮೊಮ್ಮಗುವಿಗೆ ಟೋಪಿ ಕೇಳಿದರು, ಆಯ್ತು. ಅಕ್ಕನಂತೂ "ನಂಗೆ ಹೆಣೆದದ್ದು ಬೇಡ, ನೇಯ್ದ ಶಾಲೇ ಆಗ್ಬೇಕು" ಎಂದು ತನ್ನ ಅಟ್ಟದ ಮೇಲಿದ್ದ ಪುಟ್ಟ ಮಗ್ಗವನ್ನೇ ಗಾಡಿಗೆ ಹೇರಿ ಕಳಿಸಿಬಿಟ್ಟಳು. ಅದೂ ಆಯ್ತು. ಈಗ ಆ ಎರಡು ಕೋಣೆಯ ಮನೆಯಲ್ಲಿ ಊಟದ ಮೇಜಿನ ಮೇಲೆ ಮಗ್ಗ, ಮಂಚದ ಮೇಲೆ ಸಾಹೇಬರ ಬೆನ್ನು, ಕುರ್ಚಿಯ ಮೇಲೆ ಸಾಹೇಬರ ಎದೆ, ಎಲ್ಲೋ ಒಂದು ಕಡೆ ಮಗುವಿನ ಟೋಪಿ. ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುತ್ತಿದ್ದರು. ಆಯ್ತಪ್ಪ ತನಗೆಂದು ಶುರು ಮಾಡಿದ ಮಫ್ಲರ್ ಒಂದು ಗೇಣು ಬೆಳೆದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು.

ಕತೆ ಕೆಟ್ಟದ್ದು ಶುಕ್ರವಾರ ಮಧ್ಯಾಹ್ನ. ಅವನು ಕೆಲಸ ಮಾಡುತ್ತಿದ್ದ ಉಗ್ರಾಣ ಕಂಪನಿಯ ಕಾರಿಡಾರಿನಲ್ಲಿ ಸಾಹೇಬರು ಎದುರಾದರು.

"ಏನ್ರೀ ಆಯ್ತಪ್ಪ, ನನ್ನ ಸ್ವೆಟರ್ ಆಯ್ತಾ?"

‘ಸರಿ ಸಾರ್, ಬೇಗ ಮುಗಿಸ್ತೀನಿ’ ಎಂಬ ಅರ್ಥದಲ್ಲಿ ಅವನು ಅಂದ, "ಆಯ್ತು ಸಾರ್."

ಒಪ್ಪಿದ್ದಕ್ಕೂ ಅದೇ ಮಾತು, ಮುಗಿದದ್ದಕ್ಕೂ ಅದೇ ಮಾತು. ಹೇಳಿದವನು ಒಂದನ್ನು ಹೇಳಿದ, ಕೇಳಿದವರು ಇನ್ನೊಂದನ್ನು ಕೇಳಿಸಿಕೊಂಡರು.

"ಆಗೇಹೋಯ್ತಾ! ಭೇಷ್ ಕಣ್ರೀ. ಭಾನುವಾರ ಸಂಜೆ ಐದಕ್ಕೆ ನಾನೇ ನಿಮ್ಮ ಮನೆಗೆ ಬಂದು ತಗೊಳ್ತೀನಿ. ಅಲ್ಲಿಂದ ಹಾಗೇ ರೈಲಿಗೆ ಹೋಗ್ಬೇಕು, ಚಳಿ ಊರಿಗೆ ಹೊರಟಿದೀನಿ." ಹೀಗೆಂದವರೇ, ಏನೋ ನೆನಪಾದವರಂತೆ ಟೈಪಿಸ್ಟನ್ನು ಕೂಗುತ್ತ ಸರಸರನೆ ತಮ್ಮ ಕೋಣೆಗೆ ನಡೆದರು.

ಆಯ್ತಪ್ಪ ಗೋಡೆ ಹಿಡಿದುಕೊಂಡ. ಸ್ವೆಟರಿಗೆ ಬೆನ್ನಿತ್ತು, ಎದೆಯಿತ್ತು, ಒಂದು ತೋಳಿತ್ತು. ಇನ್ನೊಂದು ತೋಳೂ ಇರಲಿಲ್ಲ, ಕುತ್ತಿಗೆಯೂ ಇರಲಿಲ್ಲ.

ಒಂದು ಸ್ವೆಟರಿಗೆ ಇಷ್ಟೊಂದು ಹೆದರಿಕೆಯೇ ಎಂದು ನಗಬೇಡಿ. ಕಂಪನಿಯ ಕೋಲ್ಡ್ ಸ್ಟೋರೇಜಿಗೆ ಒಬ್ಬ ಗುಮಾಸ್ತ ಬೇಕಾಗಿದ್ದ. ಊರಾಚೆ, ಕಿಟಕಿಯೇ ಇಲ್ಲದ ಕಟ್ಟಡ. ಒಳಗೆ ಬೆಣ್ಣೆ, ಮೀನು, ಹಣ್ಣಿನ ಪೆಟ್ಟಿಗೆಗಳ ನಡುವೆ ಒಂದು ಮೇಜು, ಒಂದು ಸ್ಟೂಲು. ಹಿಂದೆ ಅಲ್ಲಿಗೆ ಹೋಗಿದ್ದವನು ವರ್ಷ ಕಳೆದು ವಾಪಸು ಬಂದಾಗ ಉರಿಬಿಸಿಲಲ್ಲಿ ನಿಂತೂ ನಡುಗುತ್ತಿದ್ದ. ಅವನಿಗೆ ಮಾತಿನ ಮಧ್ಯೆ ಸೀನು ಬರುತ್ತಿರಲಿಲ್ಲ, ಸೀನಿನ ಮಧ್ಯೆ ಮಾತು ಬರುತ್ತಿತ್ತು. ಫ್ರಿಜ್ಜಿನ ಬಾಗಿಲು ತೆರೆದರೇ ಶೀತವಾಗುವ ಆಯ್ತಪ್ಪನಿಗೆ ಎರಡು ತಿಂಗಳಿಂದ ಕನಸಿನಲ್ಲೂ ಆ ಸ್ಟೂಲೇ ಕಾಣುತ್ತಿತ್ತು. ಯಾರನ್ನೇ ಕಳಿಸಲಿ, ಆರ್ಡರಿಗೆ ಸಹಿ ಹಾಕಬೇಕಾದವರು ಸಾಹೇಬರು. ಸ್ವೆಟರ್ ಕೈಗಿಟ್ಟರೆ ದಾಕ್ಷಿಣ್ಯಕ್ಕಾದರೂ ತನ್ನನ್ನು ಬಿಡುತ್ತಾರೆ. ಸುಳ್ಳು ಹೇಳಿದೆನೆಂದು ಗೊತ್ತಾದರೆ ಮರುದಿನವೇ ಮೀನಿನ ಪೆಟ್ಟಿಗೆಗಳ ಜೊತೆ ಬಾಳ್ವೆ. ಹೀಗೆಂದು ಅವನ ಲೆಕ್ಕಾಚಾರ.

ಶುಕ್ರವಾರ ಸಂಜೆಯಿಂದ ಅವನು ಕಡ್ಡಿ ಕೆಳಗಿಡಲಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಎರಡನೆಯ ತೋಳು ಮೊಣಕೈವರೆಗೆ ಬಂತು. ಅಷ್ಟಕ್ಕೆ ನೀಲಿ ಉಣ್ಣೆ ಮುಗಿಯಿತು.

ಅಂಗಡಿಯವನಿಗೆ ಫೋನು ಮಾಡಿದರೆ ಅವನು ಆಕಳಿಸುತ್ತ ಅಂದ, "ಆ ನೀಲಿ ಬರೋದು ನಿಂತು ಎರಡು ತಿಂಗಳಾಯ್ತಲ್ಲ ಸ್ವಾಮಿ. ಹಸಿರಿದೆ, ಕೊಡ್ಲಾ?"

ಆಯ್ತಪ್ಪ ನೆಲದ ಮೇಲೆ ಕುಳಿತುಬಿಟ್ಟ. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ಮೇಜಿನ ಮೇಲಿನ ಮಗ್ಗವನ್ನು ನೋಡಿದಳು.

"ಅಕ್ಕನ ಶಾಲಿಗೆ ಹಾಕಿರೋದೂ ಇದೇ ನೀಲಿ ಅಲ್ವೇನ್ರೀ?"

"ಅಕ್ಕಂದು ಬಿಚ್ಚೋದಾ?" ಅವನ ದನಿ ಉಡುಗಿಹೋಯಿತು. "ಏನು ಮಾತು ಅಂತ ಆಡ್ತೀಯೇ! ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ."

"ಅಕ್ಕ ಚರ್ಮ ಸುಲೀತಾರೆ, ಸಾಹೇಬ್ರು ಮಂಜುಗಡ್ಡೆ ಮೇಲೆ ಕೂರಿಸ್ತಾರೆ. ಯಾವುದು ಬೇಕೋ ನೀವೇ ನೋಡ್ಕೊಳ್ಳಿ. ಅಕ್ಕ ಬರೋದು ಮುಂದಿನ ತಿಂಗಳು, ಸಾಹೇಬ್ರು ಬರೋದು ಇವತ್ತು."

ಆಯ್ತಪ್ಪ ಯೋಚಿಸಿದ. ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎನ್ನುವುದು ಅವನಿಗೆ ಬಗೆಹರಿಯಲಿಲ್ಲ. ಬಗೆಹರಿಯುವ ತನಕ ಕಾಯದೆ ಹೆಂಡತಿಯೇ ಮೊದಲ ಎಳೆ ಎಳೆದಳು. ಶಾಲಿನ ಉದ್ದದ ಹಾಸು ಬಿಳಿ, ಅಡ್ಡದ ಹೊಕ್ಕು ನೀಲಿ. ಮೂರು ತಿಂಗಳು ಕಷ್ಟಪಟ್ಟು ಅಡ್ಡಡ್ಡ ಹೊಗಿಸಿದ್ದ ನೀಲಿ ನೂಲು ಅರ್ಧ ಗಂಟೆಯಲ್ಲಿ ಸರಸರ ಹೊರಬಂದು ಉಂಡೆಯಾಯಿತು. ಮಗ್ಗದ ಮೇಲೆ ಬರೀ ಬಿಳಿ ಹಾಸು ಉಳಿಯಿತು. ಅದನ್ನು ನೋಡಿದರೆ ಅಕ್ಕನೇ ಹಲ್ಲು ಕಡಿಯುತ್ತಿರುವಂತೆ ಕಂಡು ಆಯ್ತಪ್ಪ ಅದರ ಮೇಲೊಂದು ಟವೆಲ್ ಹೊದಿಸಿದ.

ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ಅಕ್ಕ.

"ಏನೋ, ಶಾಲು ಎಲ್ಲಿಗೆ ಬಂತು? ಮುಂದಿನ ವಾರ ನಾನು ಪ್ರಯಾಣ ಹೊರಟಿದೀನಿ. ಬೇಗ ಕೊಡು, ತಿಳೀತಾ?"

ಅವನ ಕೈಯಲ್ಲಿ ಆ ಶಾಲೇ ಉಂಡೆಯಾಗಿ ಕುಳಿತಿತ್ತು. ಬಾಯಿಂದ ಏನು ಹೊರಟಿತೆಂದು ನಿಮಗೆ ಗೊತ್ತೇ ಇದೆ.

"ಆಯ್ತು ಅಕ್ಕ."

"ಆಯ್ತಾ? ಅರೆ, ಮೊದಲೇ ಹೇಳ್ಬಾರ್ದಾ! ಸಂಜೆ ಐದಕ್ಕೆ ಬರ್ತೀನಿ." ಫೋನು ಕುಕ್ಕಿದ ಸದ್ದು ಬಂತು.

ಹೆಂಡತಿ ಹಣೆ ಚಚ್ಚಿಕೊಂಡು ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಆಯ್ತಪ್ಪ ಮತ್ತೆ ಕಡ್ಡಿ ಹಿಡಿದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಇದು ಆಯ್ತಪ್ಪನಿಗೆ ತಿಳಿದದ್ದು ಸಂಜೆ. ನಾವು ಈಗಲೇ ತಿಳಿದುಕೊಳ್ಳೋಣ. ಮಹಡಿಮನೆಗೆ ಹಿಂದಿನ ವಾರವಷ್ಟೇ ಒಬ್ಬ ನಿವೃತ್ತ ರೈಲ್ವೆ ಗಾರ್ಡು ಬಂದಿದ್ದರು. ಮೂವತ್ತೈದು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಅಪಾಯವನ್ನೇ ಹುಡುಕಿದವರು. ಕೆಲಸ ಮುಗಿದರೂ ಸೀಟಿ, ಕೆಂಪು ಬಾವುಟ ಎರಡನ್ನೂ ಬಿಟ್ಟಿರಲಿಲ್ಲ. ಕೆಳಮನೆಯ ಗುಮಾಸ್ತ ಹೆಣೆಯುತ್ತಾನೆ, ನೇಯುತ್ತಾನೆ ಎನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ಹೇಳಬಹುದಾಗಿದ್ದ ಓನರಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರು. ರಾತ್ರಿ ಪಾಳಿಯ ಹಳೆಯ ಅಭ್ಯಾಸದಂತೆ ತಡವಾಗಿ ಎದ್ದ ಗಾರ್ಡು ಹಿತ್ತಲ ಕಡೆಯ ಕಿಟಕಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಕೆಳಗಿನ ಮಾತು ಸ್ಪಷ್ಟವಾಗಿ ಕೇಳಿಸಿತು.

"ರೀ, ಸಾಹೇಬ್ರದ್ದು ಎಲ್ಲಿಗೆ ಬಂತು?" ಹೆಂಡತಿ ಒಗೆಯುವ ಕಲ್ಲಿನ ಬಳಿಯಿಂದ ಕೂಗಿದಳು.

"ಒಂದು ತೋಳು ಆಯ್ತು ಕಣೇ! ಇನ್ನೊಂದು ತೋಳು ಅರ್ಧ ಆಗಿದೆ. ಆಮೇಲೆ ಕುತ್ತಿಗೆಗೆ ಕುಣಿಕೆ ಹಾಕಿ ಬಿಗಿದ್ರೆ ಸಾಹೇಬ್ರು ಮುಗಿದ ಹಾಗೆ!"

ಹೆಣಿಗೆಯಲ್ಲಿ ಕಡ್ಡಿಗೆ ಹಾಕುವ ಒಂದೊಂದು ಸುತ್ತಿಗೂ ಕುಣಿಕೆ ಎನ್ನುತ್ತಾರೆ. ಗಾರ್ಡಿಗೆ ಗೊತ್ತಿದ್ದ ಕುಣಿಕೆ ಒಂದೇ.

"ಅಕ್ಕ ಬಂದ್ರೆ ಏನ್ರೀ ಗತಿ?"

"ಅಕ್ಕನ್ನ ಪೂರ್ತಿ ಬಿಚ್ಚಿ ಉಂಡೆ ಮಾಡಿ ಇಟ್ಟಿದೀವಲ್ಲ, ಇನ್ನೇನು ಉಳಿದಿದೆ! ಟವೆಲ್ ಮುಚ್ಚಿದೀನಿ, ನೋಡಿದವರಿಗೆ ಗೊತ್ತಾಗಲ್ಲ."

"ಓನರಮ್ಮನ ಮೊಮ್ಮಗೂದು?"

"ತಲೆ ಮಂಚದ ಕೆಳಗೆ ಉರುಳಿರಬೇಕು. ಗುಡಿಸುವಾಗ ನೋಡು!"

ಮಹಡಿಯ ಮೇಲಿಂದ ಹಲ್ಲುಜ್ಜುವ ಬ್ರಷ್ಷೊಂದು ಹಿತ್ತಲಿಗೆ ಬಿತ್ತು. ಹೆಂಡತಿ ಅದನ್ನೆತ್ತಿ ಕಟ್ಟೆಯ ಮೇಲಿಟ್ಟಳು.

ಅಲ್ಲಿಂದ ಮುಂದೆ ಬೀದಿಯ ರೀತಿಯೇ ಬದಲಾಯಿತು. ಮಧ್ಯಾಹ್ನ ಕಸ ಹಾಕಲು ಆಯ್ತಪ್ಪ ಹೊರಗೆ ಬಂದರೆ, ಎದುರುಮನೆಯ ಟೈಲರು ಅವನನ್ನು ನೋಡಿದ್ದೇ ಬಾಗಿಲು ಹಾಕಿಕೊಂಡ. ಮೂಲೆಮನೆಯ ಅಜ್ಜಿ ಅವನ ಕೈಲಿದ್ದ ಕಸದ ಚೀಲವನ್ನೇ ದಿಟ್ಟಿಸಿ, "ಯಾರಪ್ಪಾ ಅದರೊಳಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಸರಿದಳು. ಮಹಡಿಯ ಮೆಟ್ಟಿಲ ಮೇಲೆ ಗಾರ್ಡು ಕೆಂಪು ಬಾವುಟ ಕಂಕುಳಲ್ಲಿ ಇರುಕಿಕೊಂಡು ಕುಳಿತಿದ್ದರು.

"ನಮಸ್ಕಾರ, ಊಟ ಆಯ್ತಾ?" ಅಂದ ಆಯ್ತಪ್ಪ, ಹೆದರಿಕೆಯಲ್ಲೂ ಮರ್ಯಾದೆ ಬಿಡದೆ.

"ನಾನು ಏನೂ ಕೇಳಿಸ್ಕೊಂಡಿಲ್ಲ ಸ್ವಾಮಿ!" ಎಂದು ಗಾರ್ಡು ಎರಡು ಮೆಟ್ಟಿಲು ಹಿಂದಕ್ಕೇ ಹತ್ತಿದರು.

ಆಯ್ತಪ್ಪ ಒಳಗೆ ಬಂದು ಹೆಂಡತಿಯ ಕಿವಿಯಲ್ಲಿ ಅಂದ, "ನನ್ನ ಕೋಲ್ಡ್ ಸ್ಟೋರೇಜಿನ ವಿಷಯ ಬೀದಿಗೆಲ್ಲ ಗೊತ್ತಾಗಿಬಿಟ್ಟಿದೆ ಕಣೇ. ಮುಖ ನೋಡೋಕೂ ಅವರಿಗೆ ಸಂಕಟ."

"ಬಾಯಿ ಮುಚ್ಚಿ ಹೆಣೀರಿ. ಮೂರು ಗಂಟೆ."

ಮೂರೂವರೆಗೆ ತೋಳು ಮುಗಿಯಿತು. ಹೆಂಡತಿ ಅದನ್ನು ಹೆಗಲಿಗೆ ಹೊಲಿಯುತ್ತಿರುವಾಗಲೇ ಅವನು ಇನ್ನೊಂದು ಕಡೆಯಿಂದ ಕುತ್ತಿಗೆಗೆ ಕುಣಿಕೆ ಎತ್ತಿಕೊಂಡ. ಒಂದೇ ಸ್ವೆಟರನ್ನು ಇಬ್ಬರೂ ಎಳೆದಾಡುವುದನ್ನು ಯಾರಾದರೂ ನೋಡಿದ್ದರೆ ಜಗಳವೆಂದೇ ತಿಳಿಯುತ್ತಿದ್ದರು. ಒಂದು ಕುಣಿಕೆ ಸೀದಾ, ಒಂದು ಉಲ್ಟಾ. ನಡುವೆ ಒಂದು ಕುಣಿಕೆ ಜಾರಿ ಎರಡು ಸಾಲು ಬಿಚ್ಚಬೇಕಾಗಿ ಬಂತು. ಅವನಿಗೆ ಅಳುವೇ ಬಂತು, ಅತ್ತ, ಅಳುತ್ತಲೇ ಹೆಣೆದ. ಐದಕ್ಕೆ ಹತ್ತು ನಿಮಿಷವಿರುವಾಗ ಕುತ್ತಿಗೆಯ ಅಂಚು ಮುಚ್ಚಲು ಶುರು ಮಾಡಿದ. ಇಪ್ಪತ್ತು ಕುಣಿಕೆ ಉಳಿದವು, ಹತ್ತು ಉಳಿದವು, ಮೂರು ಉಳಿದವು.

ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಅದರ ಹಿಂದೆಯೇ ಎದೆ ನಡುಗುವಂತೆ ಒಂದು ಸೀಟಿ.

ಆಯ್ತಪ್ಪ ಕಿಟಕಿಗೆ ಓಡಿದ. ಗೇಟಿನ ಬಳಿ ಗಾರ್ಡು ಕೆಂಪು ಬಾವುಟ ಅಡ್ಡ ಹಿಡಿದು ನಿಂತಿದ್ದರು. ಅವರ ಹಿಂದೆ ಟೈಲರು, ಅವನ ಹಿಂದೆ ಮೂಲೆಮನೆಯ ಅಜ್ಜಿ. ಸಾಹೇಬರು ಕಾರಿನಿಂದ ಒಂದು ಕಾಲು ಕೆಳಗಿಟ್ಟಿದ್ದರು.

"ನೀವೇನಾ ಸಾಹೇಬ್ರು?" ಗಾರ್ಡು ಕೇಳಿದರು.

"ಹೌದು. ಯಾಕೆ?"

"ಬಂದ ದಾರೀಲೇ ಹೊರಟುಹೋಗಿ! ಇಷ್ಟೊತ್ತಿಗೆ ನಿಮ್ಮ ತೋಳು ಎರಡೂ ಆಗಿರುತ್ತೆ, ಕುತ್ತಿಗೆಗೆ ಕುಣಿಕೆ ಬೀಳೋದೊಂದೇ ಬಾಕಿ. ನಾನೇ ಕಿವಿಯಾರೆ ಕೇಳಿದೀನಿ. ಅವರಕ್ಕನ್ನೂ ಬಿಟ್ಟಿಲ್ಲ, ಟವೆಲ್ ಮುಚ್ಚಿ ಮಲಗಿಸಿದಾರೆ!"

ಸಾಹೇಬರ ಮುಖ ಬಿಳಿಚಿತು. ಕೆಳಗಿಟ್ಟ ಕಾಲನ್ನು ಮೇಲೆಳೆದುಕೊಂಡರು. ಒಳಗಿದ್ದ ಆಯ್ತಪ್ಪನಿಗೆ ಮಾತು ಒಂದೂ ಕೇಳಿಸಲಿಲ್ಲ. ಅವನಿಗೆ ಕಂಡದ್ದು ಸಾಹೇಬರು ಸ್ವೆಟರ್ ತೆಗೆದುಕೊಳ್ಳದೆ ಹಿಂದಿರುಗುತ್ತಿರುವುದು ಮಾತ್ರ. ಉಳಿದ ಮೂರರಲ್ಲಿ ಎರಡು ಕುಣಿಕೆ ಮುಚ್ಚಿದ. ಇನ್ನೊಂದಕ್ಕೆ ಪುರುಸೊತ್ತಿರಲಿಲ್ಲ. ಬಲಗೈಯಲ್ಲಿ ಎರಡು ಚೂಪು ಕಡ್ಡಿ, ಎಡಗೈಯಲ್ಲಿ ಸ್ವೆಟರ್, ಕಂಕುಳಲ್ಲಿ ಉಣ್ಣೆಯುಂಡೆ, ಕೆದರಿದ ತಲೆ, ಅತ್ತು ಕೆಂಪಾದ ಕಣ್ಣು, ಹೀಗೇ ಬೀದಿಗೆ ಹಾರಿದ.

"ಸಾರ್! ಹೋಗ್ಬೇಡಿ ಸಾರ್! ಒಂದೇ ಒಂದು ನಿಮಿಷ ಕುತ್ತಿಗೆ ಕೊಡಿ ಸಾರ್!"

ಸಾಹೇಬರು ಕಾರಿನ ಆಚೆ ಬದಿಯ ಬಾಗಿಲಿನಿಂದ ಹೊರಬಿದ್ದು ಓಟ ಕಿತ್ತರು. ಮೂವತ್ತು ವರ್ಷದಿಂದ ಕುರ್ಚಿ ಬಿಟ್ಟೇಳದ ಶರೀರ ಅದು. ಆದರೂ ಹೆದರಿಕೆ ಅವರನ್ನು ಟೈಲರ ಅಂಗಡಿ ದಾಟಿಸಿತು. ಹಿಂದೆ ಆಯ್ತಪ್ಪ, "ಬಿಗಿ ಆಗುತ್ತಾ ನೋಡ್ಬೇಕು ಸಾರ್!" ಎಂದು ಕೂಗುತ್ತ. ಅವನ ಹಿಂದೆ ಸೀಟಿ ಊದುತ್ತ ಗಾರ್ಡು. ಅಟ್ಟಿಸಿಕೊಂಡು ಹೋಗುತ್ತಿದ್ದವನಿಗೂ ಓಡುತ್ತಿದ್ದವರಿಗೂ ಆ ಹೊತ್ತಿನಲ್ಲಿ ಒಂದೇ ಸಮ ಜೀವಭಯ.

ಬೀದಿಯ ತಿರುವಿನಲ್ಲಿ ಒಂದು ಕೈ ಚಾಚಿಕೊಂಡು ಬಂದು ಆಯ್ತಪ್ಪನ ಕಿವಿ ಹಿಡಿಯಿತು.

"ಏನೋ ಇದು! ಕಡ್ಡಿ ಹಿಡ್ಕೊಂಡು ಓಡಬಾರದು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

ಅಕ್ಕ ಜೀವಂತವಾಗಿ ನಿಂತಿದ್ದನ್ನು ಕಂಡು ಗಾರ್ಡಿನ ಬಾಯಿಂದ ಸೀಟಿ ಜಾರಿತು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು, ಯಾರಿಗೂ ಏನೂ ಅರ್ಥವಾಗಲಿಲ್ಲ. ಹೆಂಡತಿ ಬಂದು ಎಲ್ಲರನ್ನೂ ಸುಮ್ಮನಿರಿಸಿ, ಕುಣಿಕೆಯೆಂದರೆ ಯಾವುದೆಂದು ಕಡ್ಡಿಯ ಮೇಲೆ ಹಾಕಿ ತೋರಿಸಿದ ಮೇಲೆ ಗಾರ್ಡು ಬಾವುಟ ಸುತ್ತಿ ಕಂಕುಳಿಗೆ ಸೇರಿಸಿದರು.

"ಹಾಗಾದ್ರೆ ಮಗೂದು?" ಎಂದು ಅಜ್ಜಿ ಮಾತ್ರ ಬಿಡದೆ ಕೇಳಿದಳು. ಹೆಂಡತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ಟೋಪಿಯನ್ನು ತೆಗೆದು ತೋರಿಸಿದಳು.

ಎಲ್ಲರೂ ಗೇಟಿನ ಬಳಿಗೆ ವಾಪಸು ಬಂದರು. ಸಾಹೇಬರು ಏದುಸಿರು ಬಿಡುತ್ತಲೇ ಕೋಟು ಕಳಚಿ ಸ್ವೆಟರ್ ತೊಟ್ಟರು. ಆಯ್ತಪ್ಪ ಕಣ್ಣು ಮುಚ್ಚಿಕೊಂಡ. ತಲೆ ಹೊರಬಂತು. ಹೆಗಲು ಕೂತಿತು. ತೋಳು ಎರಡೂ ಮಣಿಕಟ್ಟಿಗೆ ಸರಿಯಾಗಿ ನಿಂತವು.

"ಹೇಳಿ ಮಾಡಿಸಿದ ಹಾಗಿದೆಯಲ್ರೀ!" ಎಂದರು ಸಾಹೇಬರು.

ಆಯ್ತಪ್ಪನಿಗೆ ಹೋದ ಜೀವ ಬಂದಂತಾಯಿತು. ಅಕ್ಕ ಮಾತ್ರ ಸಾಹೇಬರ ಎಡತೋಳನ್ನೇ ನೋಡುತ್ತಿದ್ದಳು.

"ಈ ತೋಳಿನ ಉಣ್ಣೆ ಸುಕ್ಕುಸುಕ್ಕಾಗಿದೆ. ಬಿಚ್ಚಿ ಹಾಕಿದ್ದು. ನನ್ನ ಶಾಲು ಅಲ್ವೇನೋ ಇದು?"

ಪರರ ಮುಂದೆ ಬೇಡವೆಂದು ಅಕ್ಕ ಹಲ್ಲು ಕಚ್ಚಿಕೊಂಡು ಸುಮ್ಮನಾದಳು. ಅಕ್ಕನ ಬೈಗುಳ ಆಮೇಲೆ ಇದ್ದೇ ಇದೆ, ಕೋಲ್ಡ್ ಸ್ಟೋರೇಜು ತಪ್ಪಿತಲ್ಲ, ಅಷ್ಟು ಸಾಕು ಅಂದುಕೊಂಡ ಆಯ್ತಪ್ಪ. ಮೂರು ದಿನದಲ್ಲಿ ಮೊದಲ ಸಲ ಅವನ ಕೈ ನಡುಗುವುದು ನಿಂತಿತ್ತು.

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ಇಷ್ಟು ಚೆನ್ನಾಗಿ ಮಾಡಿಕೊಟ್ಟಿದೀರಿ, ನಿಮ್ಮ ಹತ್ರ ಮುಚ್ಚಿಡಬಾರದು. ಕೋಲ್ಡ್ ಸ್ಟೋರೇಜಿಗೆ ನಿಮ್ಮ ಹೆಸರು ಮೇಲಿನಿಂದ ಬಂದು ಎರಡು ತಿಂಗಳಾಯ್ತು. ನಾನೇ ತಡೆದಿಟ್ಟಿದ್ದೆ."

ಆಯ್ತಪ್ಪನ ಕಣ್ಣು ತುಂಬಿಬಂತು. "ದೊಡ್ಡ ಉಪಕಾರ ಆಯ್ತು ಸಾರ್."

"ಉಪಕಾರ ಏನ್ ಬಂತು! ಅಲ್ಲಿಗೆ ಹೋದ್ರೆ ಬೆರಳು ಮರಗಟ್ಟುತ್ತೆ, ಕಡ್ಡಿ ಹಿಡಿಯೋಕಾಗಲ್ಲ. ನನ್ನ ಸ್ವೆಟರ್ ಮುಗಿಯೋವರೆಗೂ ಇವರನ್ನ ಅಲ್ಲಾಡಿಸೋ ಹಾಗಿಲ್ಲ ಅಂತ ಮೇಲಿನವರ ಜೊತೆ ಜ‌ಗಳಾನೇ ಆಡಿದ್ದೆ. ಶುಕ್ರವಾರ ನೀವು ಆಯ್ತು ಅಂದ್ರಿ ನೋಡಿ, ಆ ಕ್ಷಣವೇ ಟೈಪಿಸ್ಟನ್ನ ಕೂಗಿ ಆರ್ಡರ್ ಟೈಪ್ ಮಾಡಿಸ್ದೆ. ಸ್ವೆಟರ್ ಕೈಗೆ ಬರ್ಲಿ ಅಂತ ಸಹಿ ಮಾತ್ರ ಉಳಿಸ್ಕೊಂಡಿದ್ದೆ. ಕಾಗದ, ಪೆನ್ನು ಎರಡೂ ಕಾರಲ್ಲೇ ಇದೆ. ಸಹಿ ಹಾಕಿ ನಿಮ್ಮ ಕೈಗೇ ಕೊಟ್ಟು ಹೋಗ್ತೀನಿ. ನಾಳೆಯಿಂದಲೇ ಹೋಗ್ತೀರಲ್ಲ?"

ಆಯ್ತಪ್ಪ ಬಾಯಿ ತೆರೆದ. "ಆಯ್ತು ಸಾರ್."

ಇಷ್ಟು ದಿನ ತನ್ನನ್ನು ಕಾಪಾಡಿದ್ದು ಆ ಇಲ್ಲದ ತೋಳು, ಇಲ್ಲದ ಕುತ್ತಿಗೆ. ಅದನ್ನೇ ತಾನು ನಿದ್ದೆಗೆಟ್ಟು, ಅಕ್ಕನ ಶಾಲು ಬಿಚ್ಚಿ, ಅತ್ತುಕೊಂಡು ಮುಗಿಸಿದ್ದ.

ಸಾಹೇಬರು ಕಾರಿನ ಕಡೆ ಹೊರಟರು. ಆಗ ಆಯ್ತಪ್ಪನ ಕಂಕುಳಲ್ಲಿ ಏನೋ ಮಿಸುಕಿತು.

ಉಣ್ಣೆಯುಂಡೆ! ಅವಸರದಲ್ಲಿ ದಾರ ಕತ್ತರಿಸಿರಲಿಲ್ಲ. ಕೊನೆಯ ಕುಣಿಕೆ ಮುಚ್ಚಿರಲಿಲ್ಲ. ಉಂಡೆಯಿಂದ ಹೊರಟ ನೀಲಿ ದಾರ ಸಾಹೇಬರ ಕುತ್ತಿಗೆಯ ಹಿಂದೆ ಹೋಗಿ ಸೇರಿತ್ತು. ಉಂಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು, ಅವರ ಒಂದೊಂದು ಹೆಜ್ಜೆಗೂ ಕುಣಿಕೆ ಬಿಚ್ಚಿಕೊಳ್ಳುತ್ತದೆ. ಕುತ್ತಿಗೆ ಹೋದರೆ ಸ್ವೆಟರ್ ಆಗಿಲ್ಲ. ಸ್ವೆಟರ್ ಆಗಿಲ್ಲವೆಂದರೆ ಸಹಿಯೂ ಇಲ್ಲ.

ಹುಟ್ಟಿದಾಗಿನಿಂದ ಯಾರನ್ನೂ ಎದುರಿಸದ ಆಯ್ತಪ್ಪ ಎರಡೂ ಕೈಯಲ್ಲಿ ಉಂಡೆ ಅವುಚಿಕೊಂಡು ಕಲ್ಲಿನಂತೆ ನಿಂತ. ದಾರ ಬಿಗಿಯಾಯಿತು. ಟಪ್, ಒಂದು. ಟಪ್, ಎರಡು. ಸಾಹೇಬರಿಗೆ ಗೊತ್ತಾಗಲಿಲ್ಲ. ಕಾರು ಇನ್ನೂ ಹತ್ತು ಹೆಜ್ಜೆ. ಟಪ್ ಟಪ್ ಟಪ್. ಹೆಂಡತಿಗೂ ಕಂಡಿತು, ಅವಳು ಗಂಡನ ಮುಖ ನೋಡಿ, ಅರ್ಥ ಮಾಡಿಕೊಂಡು, ಉಸಿರು ಬಿಗಿಹಿಡಿದಳು. ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ. ಹನ್ನೊಂದು. ಹನ್ನೆರಡು.

"ನಿಲ್ಲಿ ಸಾಹೇಬ್ರೇ!"

ಅಕ್ಕ.

"ಕುತ್ತಿಗೆ ಬಿಚ್ಚಿಕೊಳ್ತಾ ಇದೆ. ಇವನು ಚಿಕ್ಕಂದಿನಿಂದಲೂ ಹೀಗೇ, ಕೊನೆ ಗಂಟು ಮರೀತಾನೆ. ನನ್ನ ಶಾಲಂತೂ ಹೋಯ್ತು, ಅದರಿಂದ ಆದದ್ದಾದ್ರೂ ನೆಟ್ಟಗಿರ್ಲಿ." ಸರಸರ ಹೋಗಿ, ಆಯ್ತಪ್ಪನ ಕೈಯಿಂದಲೇ ಕಡ್ಡಿ ಕಿತ್ತುಕೊಂಡು, ಸಾಹೇಬರ ಬೆನ್ನ ಹಿಂದೆ ನಿಂತು ಹನ್ನೆರಡು ಕುಣಿಕೆಯನ್ನೂ ಎತ್ತಿ ಮುಚ್ಚಿದಳು. ಕೊನೆಯದಕ್ಕೆ ಎರಡು ಗಂಟು ಬಿಗಿದಳು. ಆಮೇಲೆ ಬಗ್ಗಿ, ದಾರವನ್ನು ಹಲ್ಲಿನಲ್ಲಿ ಕಟ್ಟನೆ ಕಡಿದಳು.

ಸಾಹೇಬರು ಕಾರಿನ ಬಳಿ ಹೋಗಿ ಕಿಟಕಿಯೊಳಗೆ ಕೈ ಚಾಚಿ ಪೆನ್ನು ತೆಗೆದುಕೊಂಡರು.

"ಹ್ಞಾಂ," ಎಂದಳು ಅಕ್ಕ, ಕೈ ಕೊಡವಿಕೊಳ್ಳುತ್ತ, "ಈಗ ಆಯ್ತು."